ವಿಮಾನ ಇದ್ದರೂ ಚಿಕ್ಕಪ್ಪ ಯಾಕೆ ತಡವಾಗಿ ಬಂದರು?



ಕಳೆದ ಚಳಿಗಾಲದಲ್ಲಿ ಒಂದು ಭಾನುವಾರ ಬೆಳಿಗ್ಗೆ 6 ಗಂಟೆಗೆ ನಮ್ಮ ತಾತ ತೀರಿಕೊಂಡರು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿರುವ ಚಿಕ್ಕಪ್ಪನಿಗೆ ಅಪ್ಪ ಆಗಲೇ ಫೋನ್ ಮಾಡಿದರು. ಸಂಜೆಯವರೆಗೆ ಕಾದು ಮಣ್ಣು ಮಾಡಿದರು. ಚಿಕ್ಕಪ್ಪ ಬಂದದ್ದು ಮಂಗಳವಾರ. "ವಿಮಾನ ಅಷ್ಟು ಜೋರಾಗಿ ಹೋಗುತ್ತಂತೆ. ಸಂಜೆಯೊಳಗೆ ಬರೋಕಾಗ್ಲಿಲ್ವಾ ನನ್ ಮಗನಿಗೆ?" ಅಂತ ಅಜ್ಜಿ ಕೇಳುತ್ತಲೇ ಇದ್ದರು. ಅದಕ್ಕೇ ನಾನು ಲೆಕ್ಕ ಹಾಕಿ ನೋಡಿದೆ.

ದೂರ ಎಷ್ಟು?

ನಮ್ಮ ಶಾಲೆಯ ಗ್ಲೋಬಿನ ಸಮಭಾಜಕ ವೃತ್ತವನ್ನು ಹೂ ಕಟ್ಟುವ ದಾರದಿಂದ ಅಳೆದೆ. 94 ಸೆಂ.ಮೀ. ಬಂತು. ನಿಜವಾದ ಭೂಮಿಯಲ್ಲಿ ಅದು ಸುಮಾರು 40,000 ಕಿ.ಮೀ. ಆಮೇಲೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ದಾರ ಬಿಗಿಯಾಗಿ ಎಳೆದೆ. 33 ಸೆಂ.ಮೀ. ಆಯಿತು. ಹಾಗಾದರೆ 40,000 × 33 ÷ 94 = ಸುಮಾರು 14,000 ಕಿ.ಮೀ.

ಇಲ್ಲೊಂದು ಆಶ್ಚರ್ಯ ಇದೆ. ಗೋಡೆಯ ಭೂಪಟದಲ್ಲಿ ನೋಡಿದರೆ ಆಫ್ರಿಕಾ, ಅಟ್ಲಾಂಟಿಕ್ ಸಾಗರ ದಾಟಿ ಹೋಗಬೇಕು ಅನ್ನಿಸುತ್ತದೆ. ಆದರೆ ದಾರ ಚೀನಾ, ಸೈಬೀರಿಯಾ, ಅಲಾಸ್ಕಾ ಕಡೆಯಿಂದ ಹೋಯಿತು! ಭೂಮಿ ಗುಂಡಗಿದೆ, ಅದಕ್ಕೆ. ಉತ್ತರ ಧ್ರುವದ ಮೇಲೆ ದಾರ ಹಾಯಿಸಿದರೂ ಸುಮಾರು ಒಂದು ಸೆಂ.ಮೀ. ಮಾತ್ರ ಹೆಚ್ಚಾಗುತ್ತದೆ.

ಸಮಯ ಎಷ್ಟು?

2021ರ ಜನವರಿ 9ರಂದು ಏರ್ ಇಂಡಿಯಾ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾರಿ ನೇರವಾಗಿ ಬೆಂಗಳೂರಿಗೆ ಬಂತು. ಅದನ್ನು ನಡೆಸಿದವರೆಲ್ಲ ಮಹಿಳೆಯರೇ. ಕ್ಯಾಪ್ಟನ್ ಝೋಯಾ ಅಗರ್ವಾಲ್ ಅವರ ಮುಖ್ಯಸ್ಥೆ. ಹೊರಟದ್ದು 9ರ ರಾತ್ರಿ 8.30ಕ್ಕೆ, ಇಳಿದದ್ದು 11ರ ಬೆಳಗಿನ ಜಾವ 3 ಗಂಟೆ ದಾಟಿದ ಮೇಲೆ. ಎರಡು ದಿನ ಆಯಿತಾ? ಇಲ್ಲ!

ಭೂಮಿ ಒಂದು ಗಂಟೆಗೆ 15 ಡಿಗ್ರಿ ತಿರುಗುತ್ತದೆ. ನಮ್ಮ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಅವರದು ಚಳಿಗಾಲದಲ್ಲಿ 120 ಡಿಗ್ರಿ ಪಶ್ಚಿಮದ್ದು. ಕೂಡಿಸಿದರೆ 202.5. ಅದನ್ನು 15ರಿಂದ ಭಾಗಿಸಿದರೆ 13.5 ಗಂಟೆ. ಅಷ್ಟು ಹೊತ್ತು ಅವರು ನಮಗಿಂತ ಹಿಂದೆ. ಅಂದರೆ ಆ ವಿಮಾನ ಹೊರಟಾಗ ನಮಗೆ 10ನೇ ತಾರೀಖು ಬೆಳಿಗ್ಗೆ 10 ಗಂಟೆ. ಪ್ರಯಾಣ ಸುಮಾರು 17 ಗಂಟೆ ಅಷ್ಟೆ. ಆ ವೇಗದಲ್ಲಿ ಮೈಸೂರಿನಿಂದ ಬೆಂಗಳೂರಿಗೆ ಹತ್ತೇ ನಿಮಿಷ ಸಾಕು!

ಅಜ್ಜಿಗೆ ಉತ್ತರ

ವಿಮಾನ ನಿಲ್ದಾಣಕ್ಕೆ 3 ಗಂಟೆ ಮೊದಲೇ ಹೋಗಬೇಕು. ಹಾರಾಟ 17 ಗಂಟೆ. ಅಷ್ಟು ದೊಡ್ಡ ವಿಮಾನ ಮೈಸೂರಿನ ಮಂಡಕಳ್ಳಿಯಲ್ಲಿ ಇಳಿಯಲಾರದು. ಆದ್ದರಿಂದ ದೇವನಹಳ್ಳಿಯಿಂದ ಬಸ್ಸಿನಲ್ಲಿ ಮೈಸೂರಿಗೆ ಸುಮಾರು 4 ಗಂಟೆ. ಒಟ್ಟು 24 ಗಂಟೆ. ಫೋನ್ ಇಟ್ಟ ಕೂಡಲೇ ಹೊರಟು ನೇರ ವಿಮಾನ ಸಿಕ್ಕಿದ್ದರೂ ಚಿಕ್ಕಪ್ಪ ಸೋಮವಾರವೇ ಮುಟ್ಟುತ್ತಿದ್ದರು. ಅವರಿಗೆ ಸಿಕ್ಕಿದ್ದು ನಡುವೆ ಇಳಿದು ಬೇರೆ ವಿಮಾನ ಹತ್ತುವ ಟಿಕೆಟ್.

ಮೇಷ್ಟ್ರನ್ನು ಕೇಳಿ ಗ್ಲೋಬನ್ನು ಮನೆಗೆ ಒಯ್ದು ಅಜ್ಜಿಗೆ ತೋರಿಸಿದೆ. ಅವರು ದಾರದ ಮೇಲೆ ಈ ತುದಿಯಿಂದ ಆ ತುದಿಗೆ ಬೆರಳಾಡಿಸಿದರು. "ಹಂಗಾದ್ರೆ ಅವನು ಬೇಕು ಅಂತ ತಡ ಮಾಡ್ಲಿಲ್ಲ" ಅಂದರು. ಆ ರಾತ್ರಿ ಅವರೇ ಚಿಕ್ಕಪ್ಪನಿಗೆ ಫೋನ್ ಮಾಡಿಸಿಕೊಂಡು ಮಾತಾಡಿದರು.

ಗ್ಲೋಬ್ ಈಗ ವಾಪಸ್ ಶಾಲೆಯಲ್ಲಿದೆ. ನೀವೂ ಒಂದು ದಾರ ತಂದು ಅಳೆದು ನೋಡಿ.

— 7ನೇ ತರಗತಿ