ಹಿಂಗಾರಿ ಜೋಳದ ಪ್ರಯೋಗಕ್ಕೆ ಹಣ ಬರುವ ಬಗೆ

ಇಂಗಳೇಶ್ವರದ ಎರೆಭೂಮಿಯಲ್ಲಿ ಹಿಂಗಾರಿ ಜೋಳ ಬಿತ್ತುವ ರೈತ ಬಾಂಧವರಿಗೆ ದೆಹಲಿಯ ಮುಂಗಡ ಪತ್ರ ದೂರದ ಮಾತೆನಿಸಬಹುದು. ಆದರೆ ಕೃಷಿ ವಿಜ್ಞಾನ ಕೇಂದ್ರದವರು ಹೊಲದಲ್ಲಿ ಮಾಡಿ ತೋರಿಸುವ ಪ್ರಾತ್ಯಕ್ಷಿಕೆಗೂ ಆ ಪತ್ರಕ್ಕೂ ನೇರ ಸಂಬಂಧವಿದೆ.

ಸಂವಿಧಾನದಂತೆ ಕೃಷಿ ಶಿಕ್ಷಣ, ಸಂಶೋಧನೆಗಳು ರಾಜ್ಯದ ವಿಷಯ. 1986ರಲ್ಲಿ ಸ್ಥಾಪನೆಯಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯ ನಡೆಯುವುದು ರಾಜ್ಯದ ಶಾಸನದಿಂದ. ಈಗ ಅದಕ್ಕೆ 2009ರ ಕಾಯಿದೆ ಅನ್ವಯಿಸುತ್ತದೆ. ಆದರೂ ಸಂಶೋಧನೆಗೆ ಎರಡು ಬೊಕ್ಕಸ. ವಿಜಯಪುರದಲ್ಲಿ ನಡೆಯುವ ಒಣ ಬೇಸಾಯದ ಅಖಿಲ ಭಾರತ ಸಮನ್ವಯ ಯೋಜನೆಯ ಖರ್ಚಿನಲ್ಲಿ ನೂರಕ್ಕೆ 75 ರೂಪಾಯಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನದು, ಉಳಿದ 25 ರಾಜ್ಯದ್ದು. ಹಿಟ್ಟಿನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಂಥವಕ್ಕೆ ಪೂರ್ಣ ನೆರವು ಪರಿಷತ್ತಿನದೇ. ಪರಿಷತ್ತಿಗೆ ಹಣ ಬರುವುದು ಕೇಂದ್ರದ ಮುಂಗಡ ಪತ್ರದಿಂದ.

2017ರಿಂದ ಈ ಪತ್ರ ಫೆಬ್ರವರಿ 1ಕ್ಕೆ ಮಂಡನೆಯಾಗುತ್ತಿದೆ. ಲೋಕಸಭೆಯ ಚುನಾವಣೆ ಬಂದ ವರ್ಷದ ಮಾತು ಬೇರೆ. 2024ರ ಫೆಬ್ರವರಿಯಲ್ಲಿ ಕೆಲವು ತಿಂಗಳ ಖರ್ಚಿಗೆ ಲೇಖಾನುದಾನವಷ್ಟೇ ಆಯಿತು. ಪೂರ್ಣ ಪತ್ರ ಮಂಡನೆಯಾದದ್ದು ಜುಲೈ 23ರಂದು. ಅಷ್ಟರಲ್ಲಿ ಮುಂಗಾರಿ ಬಿತ್ತನೆಯ ಹದ ಬಹುಪಾಲು ಕಳೆದಿರುತ್ತದೆ. ಹಿಂಗಾರಿ ಜೋಳಕ್ಕಾದರೂ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಸಮಯವುಂಟು. ಅದು ತಪ್ಪಿದರೆ ಪ್ರಯೋಗಕ್ಕೆ ಮತ್ತೊಂದು ವರ್ಷ ಕಾಯಬೇಕು. ಇನ್ನೊಂದು ತೊಡಕೂ ಇದೆ: ಜೋಳ ಒಕ್ಕುವ ಹೊತ್ತಿಗೇ, ಮಾರ್ಚ್ 31ಕ್ಕೆ, ಸರಕಾರದ ಲೆಕ್ಕದ ವರ್ಷವೂ ಮುಗಿಯುತ್ತದೆ!

ಕೃಷಿ ವಿಜ್ಞಾನ ಕೇಂದ್ರದ ವೈಜ್ಞಾನಿಕ ಸಲಹಾ ಸಮಿತಿಯಲ್ಲಿ ರೈತ ಪ್ರತಿನಿಧಿಗಳೂ ಇರುತ್ತಾರೆ. ಯಾವ ಬೆಳೆಯ, ಯಾವ ತಳಿಯ ಪ್ರಾತ್ಯಕ್ಷಿಕೆ ಬೇಕೆಂಬುದನ್ನು ವರ್ಷದ ಕಾರ್ಯಕ್ರಮ ಗೊತ್ತಾಗುವ ಮೊದಲೇ ಅವರ ಮೂಲಕ ತಿಳಿಸಬೇಕು. ಮಳೆ ಬಿದ್ದ ಮೇಲೆ ಕೇಳಿದರೆ ಆ ವರ್ಷದ ಪಟ್ಟಿಯಲ್ಲಿ ಜಾಗ ಸಿಗುವುದು ಕಷ್ಟ.