ಗೀಳು ರೋಗ: ಲಕ್ಷಣ, ಚಿಕಿತ್ಸೆ ಮತ್ತು ಮನೆಯವರ ಕರ್ತವ್ಯ

ಅಡಿಕೆಯ ಕೊಳೆರೋಗ, ಕರಿಮೆಣಸಿನ ಸೊರಗುರೋಗ, ದನಗಳ ಕಾಲುಬಾಯಿ ಜ್ವರ ಮುಂತಾದವುಗಳ ಬಗ್ಗೆ ಈ ಪುಟದಲ್ಲಿ ಓದುತ್ತೀರಿ. ಈ ಸಲ ಮನುಷ್ಯನ ಮನಸ್ಸನ್ನು ಹಿಡಿಯುವ ಒಂದು ರೋಗದ ವಿಷಯವನ್ನು ಎತ್ತಿಕೊಂಡಿದ್ದೇವೆ. ವೈದ್ಯರು ಇದನ್ನು ‘ಗೀಳು ಮನೋರೋಗ’ ಎನ್ನುತ್ತಾರೆ, ‘ಒ.ಸಿ.ಡಿ.’ ಎಂಬ ಹೆಸರನ್ನೂ ನೀವು ಕೇಳಿರಬಹುದು. ನೂರು ಮಂದಿಯಲ್ಲಿ ಒಬ್ಬರಿಂದ ಮೂವರಿಗೆ ಜೀವಮಾನದಲ್ಲಿ ಎಂದಾದರೊಮ್ಮೆ ಇದು ಬರುತ್ತದೆ. ಹೆಚ್ಚಾಗಿ ಹದಿಹರೆಯದಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ ಆರಂಭವಾಗುತ್ತದೆ. ಇದನ್ನು ಕಂಡು ಕೆಲವರು ‘ಶುಚಿತ್ವ ಸ್ವಲ್ಪ ಜಾಸ್ತಿ’ ಎಂದು ನಗುತ್ತಾರೆ, ಕೆಲವರು ‘ಎಷ್ಟು ಭಕ್ತಿ!’ ಎಂದು ಹೊಗಳುತ್ತಾರೆ, ಇನ್ನು ಕೆಲವರು ಪಿಶಾಚಿಯ ಕಾಟವೆಂದು ಹೆದರುತ್ತಾರೆ. ಹೀಗೆ ಚಿಕಿತ್ಸೆಯಿಲ್ಲದೆ ವರ್ಷಗಳೇ ಕಳೆದುಹೋಗುತ್ತವೆ.

ರೋಗದ ಲಕ್ಷಣಗಳು

ಈ ರೋಗಕ್ಕೆ ಎರಡು ಮುಖಗಳಿವೆ. ಮೊದಲನೆಯದು, ಬೇಡವೆಂದರೂ ಮತ್ತೆ ಮತ್ತೆ ನುಗ್ಗುವ ಯೋಚನೆ. ಎರಡನೆಯದು, ಆ ಯೋಚನೆ ತಂದ ಭಯವನ್ನು ತಗ್ಗಿಸಲು ಮತ್ತೆ ಮತ್ತೆ ಮಾಡುವ ಕ್ರಿಯೆ.

ತೋಟಕ್ಕೆ ಮೈಲುತುತ್ತು ಸಿಂಪಡಿಸಿ ಬಂದವನು ಸಾಬೂನು ಹಾಕಿ ಕೈ ತೊಳೆಯುವುದು ಜಾಣತನ. ತೊಳೆದ ಕೈಯನ್ನೇ ಚರ್ಮ ಬಿರಿಯುವವರೆಗೆ ತೊಳೆಯುತ್ತಿದ್ದರೆ ಅದು ರೋಗ. ಮಲಗುವ ಮುಂಚೆ ಪಂಪಿನ ಸ್ವಿಚ್ಚನ್ನು ಒಮ್ಮೆ ನೋಡಿ ಬರುವುದು ಜಾಗ್ರತೆ. ಹತ್ತು ಹದಿನೈದು ಸಲ ಎದ್ದು ಹೋಗಿ, ಕಣ್ಣಾರೆ ಕಂಡರೂ ನಂಬಿಕೆ ಬಾರದೆ ನಿದ್ದೆಗೆಟ್ಟರೆ ಅದು ರೋಗ. ಇಂಥ ಯೋಚನೆ ಮತ್ತು ಕ್ರಿಯೆಗಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತನ್ನು ನುಂಗುತ್ತಿದ್ದರೆ, ಅಥವಾ ಓದು, ದುಡಿಮೆ, ಸಂಸಾರ ಕೆಡುತ್ತಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಕೆಲವು ಯೋಚನೆಗಳನ್ನು ಬಾಯಿಬಿಟ್ಟು ಹೇಳಲೂ ಆಗದು. ಬಾಣಂತಿಯೊಬ್ಬಳಿಗೆ ‘ಕೂಸನ್ನು ಬಾವಿಗೆ ಹಾಕಿಬಿಟ್ಟರೆ?’ ಎಂಬ ಯೋಚನೆ ನುಗ್ಗಿ, ಅವಳು ಬಾವಿಕಟ್ಟೆಯ ಹತ್ತಿರ ಹೋಗಲೂ ನಡುಗಬಹುದು. ಆ ನಡುಕವೇ ಅದು ಅವಳ ಇಚ್ಛೆಯಲ್ಲ ಎಂಬುದಕ್ಕೆ ಸಾಕ್ಷಿ. ಗೀಳು ರೋಗಿಗಳು ಇಂಥ ಯೋಚನೆಯನ್ನು ಕೃತಿಗಿಳಿಸುವವರಲ್ಲ. ಆದರೆ ಯಾರೋ ಕಿವಿಯಲ್ಲಿ ಹಾಗೆ ಮಾಡೆಂದು ಹೇಳುತ್ತಿದ್ದಾರೆ ಎಂದರೆ, ಅಥವಾ ಹಾಗೆ ಮಾಡುವುದೇ ಸರಿ ಎಂದರೆ ಅದು ಬೇರೆ ಕಾಯಿಲೆ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ಭಕ್ತಿಯ ವೇಷದಲ್ಲಿ ಬಂದಾಗ

ಪಾಪನಿವೇದನೆಯಲ್ಲಿ ಕೇಳಿದ್ದನ್ನು ಯಾವ ಗುರುವೂ ಬಾಯಿಬಿಡುವಂತಿಲ್ಲ. ಆದ್ದರಿಂದ ಇಲ್ಲಿ ಹೇಳುವ ಉದಾಹರಣೆಗಳು ವೈದ್ಯರ ಹಾಗೂ ನೀತಿಶಾಸ್ತ್ರದ ಗ್ರಂಥಗಳಲ್ಲಿ ಎಲ್ಲರಿಗೂ ಸಿಗುವಂಥವು. ಪಾಪಕ್ಷಮೆ ಪಡೆದು ಗುಡಿಯ ಮೆಟ್ಟಿಲಿಳಿಯುವಷ್ಟರಲ್ಲಿ ‘ಎಲ್ಲವನ್ನೂ ಸರಿಯಾಗಿ ಹೇಳಿದೆನೋ ಇಲ್ಲವೋ’ ಎಂದು ಮತ್ತೆ ಓಡಿಬರುವುದು. ಜಪಮಾಲೆಯಲ್ಲಿ ಒಂದು ಮಣಿಗೆ ಮನಸ್ಸು ಚಲಿಸಿತೆಂದು ಮೊದಲಿನಿಂದ ಶುರುಮಾಡುವುದು. ಬಲಿಪೂಜೆಯ ಹೊತ್ತಿನಲ್ಲಿ ದೇವದೂಷಣೆಯ ಮಾತು ಮನಸ್ಸಿಗೆ ಬಂತೆಂದು ಪರಮಪ್ರಸಾದದಿಂದ ತಿಂಗಳುಗಟ್ಟಲೆ ದೂರವಿರುವುದು. ಇಂಥ ಸಂಶಯವನ್ನು ಧರ್ಮಸಭೆಯು ಹಿಂದಿನಿಂದಲೂ ‘ಸ್ಕ್ರೂಪಲ್’ ಎಂದು ಕರೆದಿದೆ. ಇದರ ಲತೀನ್ ಮೂಲದ ಅರ್ಥ ಚೂಪಾದ ಸಣ್ಣ ಕಲ್ಲು. ಚಪ್ಪಲಿಯೊಳಗೆ ಸೇರಿದ ಹರಳಿನಂತೆ ಅದು ಹೆಜ್ಜೆಹೆಜ್ಜೆಗೂ ಚುಚ್ಚುತ್ತದೆ.

ಲೊಯೋಲಾದ ಸಂತ ಇಗ್ನೇಷಿಯಸರನ್ನು ಇದು 1522ರಲ್ಲಿ ಸ್ಪೇನಿನ ಮನ್ರೆಸಾ ಊರಿನಲ್ಲಿ ಹಿಡಿಯಿತು. ಅದಕ್ಕೆ ಸ್ವಲ್ಪ ಮುಂಚೆ ಮೊಂಟ್‌ಸೆರಾತಿನಲ್ಲಿ ಮೂರು ದಿನ ಹಿಡಿದು, ಬರೆದಿಟ್ಟುಕೊಂಡು ಪಾಪನಿವೇದನೆ ಮಾಡಿದ್ದರು. ಆದರೂ ಏನೋ ಉಳಿಯಿತೆಂಬ ಸಂಶಯ. ‘ಸ್ಪಷ್ಟವಾಗಿ ಕಾಣುವುದನ್ನು ಬಿಟ್ಟು ಹಳೆಯದೇನನ್ನೂ ಹೇಳಬೇಡ’ ಎಂದು ಗುರುಗಳು ವಿಧಿಸಿದರು. ಆದರೆ ಅವರಿಗೆ ಎಲ್ಲವೂ ಸ್ಪಷ್ಟವೆಂದೇ ತೋರಿತು! ಸಂಕಟ ತಾಳಲಾರದೆ ಕೋಣೆಯಲ್ಲಿದ್ದ ಗುಂಡಿಗೆ ಹಾರಿ ಸಾಯುವ ಯೋಚನೆಯೂ ಬಂತು. ಕೊನೆಗೆ ಹಳೆಯ ಪಾಪಗಳನ್ನು ಇನ್ನು ಮುಂದೆ ನಿವೇದಿಸುವುದಿಲ್ಲವೆಂದು ನಿಶ್ಚಯಿಸಿದ ದಿನದಿಂದ ಅವರಿಗೆ ಬಿಡುಗಡೆಯಾಯಿತು. ನೀತಿಶಾಸ್ತ್ರದ ಪಂಡಿತರಾದ ಸಂತ ಅಲ್ಫೋನ್ಸ್ ಲಿಗೋರಿಯವರೂ ಇದೇ ನೋವನ್ನುಂಡವರು. ಸಂಶಯಗ್ರಸ್ತರು ಒಬ್ಬರೇ ಗುರುವಿನ ಮಾತಿಗೆ ವಿಧೇಯರಾಗಿ, ಸಂಶಯವನ್ನು ಕಡೆಗಣಿಸಿ ನಡೆಯಬೇಕೆಂದು ಅವರು ಬೋಧಿಸಿದರು.

ರೋಗ ಬೆಳೆಯುವ ಬಗೆ

ಕೈ ತೊಳೆದಾಗ, ಸ್ವಿಚ್ಚು ನೋಡಿದಾಗ, ಮತ್ತೊಮ್ಮೆ ಪಾಪನಿವೇದನೆ ಮಾಡಿದಾಗ ಭಯ ತಗ್ಗುವುದು ನಿಜ. ಆದರೆ ಆ ನೆಮ್ಮದಿ ಸ್ವಲ್ಪ ಹೊತ್ತಿನದು. ಅಂಗಳಕ್ಕೆ ಬಂದ ಬೀದಿನಾಯಿಗೆ ಅನ್ನ ಹಾಕಿದರೆ ನಾಳೆ ಅದು ಅದೇ ಹೊತ್ತಿಗೆ ಬರುವಂತೆ, ಸಂಶಯವೂ ಮರಳಿ ಬರುತ್ತದೆ. ಮೆದುಳಿನ ಕೆಲವು ಭಾಗಗಳ ನಡುವಣ ಸಂಪರ್ಕದಲ್ಲಿ ಏರುಪೇರಿರುವುದು ವೈದ್ಯರಿಗೆ ಕಂಡಿದೆ. ವಂಶದಲ್ಲಿ ಇದ್ದವರಿಗೆ ಸಾಧ್ಯತೆ ಹೆಚ್ಚು. ಹೆರಿಗೆ, ಸಾವುನೋವು, ಪರೀಕ್ಷೆಯಂಥ ಒತ್ತಡದಲ್ಲಿ ಉಲ್ಬಣಿಸುವುದುಂಟು. ಇದಕ್ಕೆ ರೋಗಿಯ ಪಾಪವೂ ಕಾರಣವಲ್ಲ, ತಂದೆತಾಯಿಯ ಪಾಪವೂ ಕಾರಣವಲ್ಲ.

ಚಿಕಿತ್ಸೆ ಎರಡು ಬಗೆ

ಒಂದು, ಅಭ್ಯಾಸದ ಚಿಕಿತ್ಸೆ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಎಂಬವರು ಇದಕ್ಕೆ ದಾರಿ ತೋರಿಸಿದರು. ಭಯ ಹುಟ್ಟಿಸುವ ವಸ್ತುವನ್ನು ಮೆಲ್ಲಮೆಲ್ಲನೆ ಎದುರಿಸುವುದು, ಆದರೆ ತೊಳೆಯುವ, ಪರೀಕ್ಷಿಸುವ ಕ್ರಿಯೆಯನ್ನು ಮಾಡದೆ ತಡೆದುಕೊಳ್ಳುವುದು. ಮೊದಲು ಭಯ ಏರುತ್ತದೆ. ಕ್ರಮೇಣ ತಾನಾಗಿ ಇಳಿಯುತ್ತದೆ. ಧಾರ್ಮಿಕ ಸಂಶಯವಿರುವವರು ಹೆದರಬೇಕಾಗಿಲ್ಲ. ಈ ಚಿಕಿತ್ಸೆಗಾಗಿ ಯಾರೂ ಪಾಪ ಮಾಡಬೇಕಾದ್ದಿಲ್ಲ. ಜಪಮಾಲೆಯನ್ನು ತಪ್ಪಿದಲ್ಲಿಂದಲೇ ಮುಂದುವರಿಸುವುದೂ ಒಂದು ಅಭ್ಯಾಸವೇ. ಇಗ್ನೇಷಿಯಸರ ನಿಶ್ಚಯಕ್ಕೂ ಇದಕ್ಕೂ ಎಷ್ಟು ಸಾಮ್ಯ!

ಎರಡು, ಮದ್ದು. ಫ್ಲುಆಕ್ಸೆಟಿನ್, ಸರ್ಟ್ರಾಲಿನ್, ಫ್ಲುವಾಕ್ಸಮಿನ್, ಕ್ಲೋಮಿಪ್ರಮಿನ್ ಮುಂತಾದ ಮಾತ್ರೆಗಳಿವೆ. ಯಾವುದು, ಎಷ್ಟು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಇವು ನಿದ್ದೆಮಾತ್ರೆಗಳಲ್ಲ, ಚಟ ಹಿಡಿಸುವುದೂ ಇಲ್ಲ. ಆರಂಭದಲ್ಲಿ ಹೊಟ್ಟೆ ತೊಳಸುವುದು, ನಿದ್ದೆ ಏರುಪೇರಾಗುವುದು ಇರಬಹುದು. ಪೂರ್ಣ ಗುಣ ಕಾಣಲು 8ರಿಂದ 12 ವಾರ ಬೇಕು. ಮೆಣಸಿನ ಬಳ್ಳಿ ನೆಟ್ಟು ಮೂರು ವರ್ಷ ಕಾಯುವ ನಮಗೆ ಮೂರು ತಿಂಗಳು ಕಾಯುವುದು ಕಷ್ಟವಾಗಬಾರದು. ಗುಣವಾದ ಮೇಲೂ ಸಾಮಾನ್ಯವಾಗಿ ಒಂದೆರಡು ವರ್ಷ ಮುಂದುವರಿಸಬೇಕಾಗುತ್ತದೆ. ತಾವಾಗಿಯೇ ಥಟ್ಟನೆ ನಿಲ್ಲಿಸಿದರೆ ರೋಗ ಮರುಕಳಿಸಬಹುದು.

ಮನೆಯವರು ಗಮನಿಸಬೇಕಾದದ್ದು

1. ಗದರಿಸಬೇಡಿ, ಗೇಲಿ ಮಾಡಬೇಡಿ. ತನ್ನ ಯೋಚನೆ ಅರ್ಥವಿಲ್ಲದ್ದೆಂದು ಬಹುಪಾಲು ರೋಗಿಗಳಿಗೂ ಗೊತ್ತು.

2. ‘ಬಾಗಿಲು ಹಾಕಿದೆಯಲ್ಲಾ?’, ‘ನನಗೆ ಪಾಪ ತಟ್ಟಲಿಲ್ಲ ತಾನೇ?’ ಎಂದು ಇಪ್ಪತ್ತು ಸಲ ಕೇಳಿದರೆ ಇಪ್ಪತ್ತು ಸಲ ಭರವಸೆ ಕೊಡಬೇಡಿ. ಪ್ರೀತಿಯಿಂದ ಕೊಟ್ಟರೂ ಅದು ರೋಗಕ್ಕೆ ಹಾಕುವ ಗೊಬ್ಬರ. ವೈದ್ಯರನ್ನು ಕೇಳಿ, ರೋಗಿಯೊಂದಿಗೆ ಮಾತಾಡಿಕೊಂಡು, ಮೆಲ್ಲನೆ ಕಡಿಮೆ ಮಾಡಿ.

3. ಪ್ರಾರ್ಥನೆ, ಧ್ಯಾನಕೂಟಗಳಿಗಾಗಿ ಮದ್ದು ನಿಲ್ಲಿಸಬೇಡಿ. ಸಿರಾಖನ ಗ್ರಂಥದ 38ನೆಯ ಅಧ್ಯಾಯ ವೈದ್ಯನನ್ನೂ ಪ್ರಾರ್ಥನೆಯನ್ನೂ ಒಟ್ಟಿಗೇ ಹೇಳುತ್ತದೆ.

4. ಬದುಕು ಸಾಕೆಂಬ ಮಾತು ಬಾಯಿಂದ ಬಂದರೆ ಒಬ್ಬರನ್ನೇ ಬಿಡಬೇಡಿ. ಅದೇ ದಿನ ವೈದ್ಯರಿಗೆ ತೋರಿಸಿ.

ಕೇರಳದ ಎಲ್ಲ ಜಿಲ್ಲೆಗಳಲ್ಲಿಯೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿದರೆ ತಿಳಿಯುತ್ತದೆ. ಕಾಸರಗೋಡಿನವರಾದ ನಮಗೆ ಮಂಗಳೂರೂ ದೂರವಲ್ಲ. ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ರೋಗಕ್ಕೆಂದೇ ವಿಶೇಷ ಚಿಕಿತ್ಸಾಲಯವಿದೆ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ನ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಫೋನ್ ಮಾಡಬಹುದು.

ಕೊನೆಯದಾಗಿ, ಇದನ್ನು ಓದುತ್ತಾ ‘ಇದು ನನ್ನದೇ ಕಥೆ’ ಎಂದುಕೊಂಡವರಿಗೆ ಒಂದು ಮಾತು. ನುಗ್ಗಿಬಂದ ಯೋಚನೆ ಪಾಪವಲ್ಲ. ತಿಳಿದು, ಒಪ್ಪಿ, ಮನಸ್ಸಾರೆ ಮಾಡಿದ್ದು ಮಾತ್ರ ಪಾಪ. ಒಬ್ಬರೇ ಗುರುವಿನ ಬಳಿಗೆ ಹೋಗಿ, ನಿಮಗೆ ಈ ತೊಂದರೆ ಇದೆಯೆಂದು ತಿಳಿಸಿ. ‘ಸಾಕು, ಇನ್ನು ಹೇಳಬೇಡ’ ಎಂದು ಅವರು ತಡೆದರೆ ಕೋಪವೆಂದು ತಿಳಿಯಬೇಡಿ. ಅದೂ ಚಿಕಿತ್ಸೆಯ ಒಂದು ಭಾಗ. ಒಮ್ಮೆ ದೊರೆತ ಪಾಪಕ್ಷಮೆಯನ್ನು ದೇವರು ಹಿಂದಕ್ಕೆ ಕೇಳುವುದಿಲ್ಲ. ಈ ವಾರವೇ ವೈದ್ಯರನ್ನು ಕಾಣಿರಿ. ಒಬ್ಬರೇ ಹೋಗಲು ಅಳುಕಾದರೆ ನಮಗೆ ತಿಳಿಸಿ, ಜೊತೆಗೆ ಬರುತ್ತೇವೆ.