ಗುರ್ಜರ ದೇಶದಲ್ಲಿ ಕರ್ಣಾಟಕದ ರಾಜಮಾತೆ

ಗುಜರಾತಿಗೆ ಯಾತ್ರೆ ಹೊರಟವರು ದ್ವಾರಕೆ, ಗಿರಿನಾರ, ಸೋಮನಾಥಗಳನ್ನು ಕಂಡು ಹಿಂದಿರುಗುವುದು ವಾಡಿಕೆ. ಸಂಸ್ಕೃತ ವಾಙ್ಮಯದ ಪರಿಚಯವುಳ್ಳವನಿಗಾದರೋ ಆ ನಾಡಿನ ಹೃದಯವಿರುವುದು ಅಹಮದಾಬಾದಿನಿಂದ ಉತ್ತರಕ್ಕೆ ಸುಮಾರು 125 ಕಿ.ಮೀ. ದೂರದ ಪಾಟಣದಲ್ಲಿ. ಚೌಲುಕ್ಯರ, ಎಂದರೆ ಸೋಲಂಕಿ ಅರಸರ, ರಾಜಧಾನಿಯಾಗಿದ್ದ ಅಣಹಿಲಪಾಟಕವೇ ಇದು. ಏಳು ಅಧ್ಯಾಯಗಳಲ್ಲಿ ಸಂಸ್ಕೃತಕ್ಕೂ ಎಂಟನೆಯದರಲ್ಲಿ ಪ್ರಾಕೃತ ಅಪಭ್ರಂಶಗಳಿಗೂ ಲಕ್ಷಣ ಹೇಳಿದ ‘ಸಿದ್ಧಹೇಮಶಬ್ದಾನುಶಾಸನ’ವನ್ನು ಹೇಮಚಂದ್ರಾಚಾರ್ಯನು ಈ ರಾಜಾಶ್ರಯದಲ್ಲಿಯೇ ರಚಿಸಿದನು. ಬಿಲ್ಹಣನೂ ನಮ್ಮ ಕಲ್ಯಾಣಕ್ಕೆ ಬರುವ ಮೊದಲು ಇಲ್ಲಿದ್ದು, ಕರ್ಣರಾಜನನ್ನು ನಾಯಕನನ್ನಾಗಿಸಿ ‘ಕರ್ಣಸುಂದರೀ’ ನಾಟಿಕೆಯನ್ನು ಬರೆದನು. ಹಾಗಿದ್ದೂ ಗುರ್ಜರರ ಉಡಿಗೆಯನ್ನೂ ನುಡಿಯನ್ನೂ ಹಳಿಯದೆ ಬಿಡಲಿಲ್ಲ!

ಆ ಕರ್ಣನ ರಾಣಿ ಮಯಣಲ್ಲದೇವಿಯು ಗೋವೆಯ ಕದಂಬರ ಜಯಕೇಶಿಯ ಮಗಳು. ಗುರ್ಜರ ಪ್ರಬಂಧಕಾರರು ಆಕೆಯ ತಂದೆಯನ್ನು ಕರ್ಣಾಟಕದ ಅರಸನೆಂದೇ ಹೇಳುತ್ತಾರೆ. ಅಲ್ಲಿಯ ಜನ ಇಂದಿಗೂ ಆಕೆಯನ್ನು ‘ಮೀನಳದೇವಿ’ ಎಂದು ಸ್ಮರಿಸುತ್ತಾರೆ. ಮಗ ಸಿದ್ಧರಾಜ ಜಯಸಿಂಹನು ಎಳೆಯ ವಯಸ್ಸಿನಲ್ಲಿಯೇ ಪಟ್ಟವೇರಿದುದರಿಂದ ರಾಜ್ಯಭಾರದ ಹೊಣೆ ಕೆಲಕಾಲ ಈ ಕನ್ನಡನಾಡಿನ ಹೆಣ್ಣುಮಗಳ ಮೇಲೆ ಬಿದ್ದಿತು.

ಪಾಟಣದಲ್ಲಿ ನಾನು ಮೊದಲು ಕಂಡದ್ದು ಆಕೆಯ ಅತ್ತೆ ಉದಯಮತಿಯು ಕಟ್ಟಿಸಿದ ‘ರಾಣಿಯ ವಾವ್’. ವಾವ್ ಎಂದರೆ ಮೆಟ್ಟಿಲುಬಾವಿ. ಸುಮಾರು 64 ಮೀಟರ್ ಉದ್ದ, 27 ಮೀಟರ್ ಆಳ, ಏಳು ನೆಲೆಗಳು. ಒಂದೊಂದು ನೆಲೆ ಇಳಿದಂತೆ ಬಿಸಿಲು ಹಿಂದೆ ಉಳಿದು, ಗೋಡೆಯಿಂದ ದಶಾವತಾರಗಳೂ ಅಪ್ಸರೆಯರೂ ಹೊರಬಂದಂತೆ ತೋರುತ್ತದೆ. ದೇಗುಲವನ್ನು ತಲೆಕೆಳಗು ಮಾಡಿ ನೆಲದೊಳಗೆ ಇಳಿಸಿದ್ದಾರೆಯೇ ಎಂಬ ಭ್ರಾಂತಿ. ಸರಸ್ವತೀ ನದಿಯ ಹೂಳಿನಲ್ಲಿ ಶತಮಾನಗಳ ಕಾಲ ಹುದುಗಿದ್ದ ಇದನ್ನು 1980ರ ದಶಕದಲ್ಲಿ ಪುರಾತತ್ತ್ವ ಇಲಾಖೆಯವರು ಹೊರತೆಗೆದರು. 2014ರಲ್ಲಿ ಯುನೆಸ್ಕೋ ಮನ್ನಣೆ ದೊರೆಯಿತು. ಶಿಲ್ಪಗಳು ಇಷ್ಟು ಹೊಸತಾಗಿ ಉಳಿದುದು ಆ ಹೂಳಿನ ಕೃಪೆಯಿಂದಲೇ ಎನ್ನಬೇಕು. ಸಮೀಪದಲ್ಲಿಯೇ ಸಿದ್ಧರಾಜನ ಸಹಸ್ರಲಿಂಗ ಸರೋವರದ ಅವಶೇಷಗಳಿವೆ. ನದಿಯ ನೀರು ಕೆರೆಗೆ ಸೇರುವ ಮುನ್ನ ಮಣ್ಣು ತಂಗಿ ತಿಳಿಯಾಗಲೆಂದು ಕಟ್ಟಿದ ಕಲ್ಲಿನ ಕುಂಡಗಳನ್ನು ಅಲ್ಲಿ ಅವಶ್ಯ ನೋಡಬೇಕು.

ಅಹಮದಾಬಾದಿನ ನೈರುತ್ಯಕ್ಕಿರುವ ಧೋಲಕಾದಲ್ಲಿ ಮಲಾವ ಎಂಬ ಕೆರೆಯುಂಟು. ಅದು ಮೀನಳದೇವಿಯದೆಂದು ಪ್ರತೀತಿ. ಕೆರೆಯ ಅಂಚಿನಲ್ಲಿ ಒಬ್ಬ ಹೆಂಗಸಿನ ಮನೆಯಿತ್ತು. ಎಷ್ಟು ಹೊನ್ನು ಕೊಡುತ್ತೇವೆಂದರೂ ಅವಳು ಅದನ್ನು ಮಾರಲೊಪ್ಪಲಿಲ್ಲ. ಕಿತ್ತುಕೊಳ್ಳಲು ರಾಣಿಯೂ ಒಪ್ಪಲಿಲ್ಲ. ದಂಡೆಯು ಸೊಟ್ಟಗಾಯಿತು. ನ್ಯಾಯವೆಂದರೆ ಏನೆಂದು ಕೇಳಿದವರಿಗೆ ಮಲಾವಕ್ಕೆ ಹೋಗಿ ನೋಡೆನ್ನುವುದು ಆ ಸೀಮೆಯಲ್ಲಿ ರೂಢಿ.

ಸೋಮನಾಥದ ದಾರಿಯ ಕಥೆಯನ್ನು ಮೇರುತುಂಗನು 1305ರ ಸುಮಾರಿನ ‘ಪ್ರಬಂಧಚಿಂತಾಮಣಿ’ಯಲ್ಲಿ ಹೇಳಿದ್ದಾನೆ. ಶಾಸನದ ಪ್ರಾಮಾಣ್ಯ ಅದಕ್ಕಿಲ್ಲ. ಆದರೂ ಬಿಡತಕ್ಕ ಕಥೆಯಲ್ಲ. ಬಾಹುಲೋಡವೆಂಬ ಊರಿನಲ್ಲಿ ಯಾತ್ರಿಕರಿಂದ ಸುಂಕ ವಸೂಲಾಗುತ್ತಿದ್ದಿತು. ತೆರಲಾರದ ಬಡವರು ಕಣ್ಣೀರಿಡುತ್ತ ಹಿಂದಿರುಗುತ್ತಿದ್ದುದನ್ನು ಕಂಡು ರಾಣಿಯೂ ಅಲ್ಲಿಂದಲೇ ಹಿಂದಿರುಗಿದಳು. ಕಾರಣ ತಿಳಿದ ಸಿದ್ಧರಾಜನು 72 ಲಕ್ಷದ ಆ ಉತ್ಪತ್ತಿಯ ಪತ್ರವನ್ನು ಹರಿದುಹಾಕಿದನು. ಸೌರಾಷ್ಟ್ರದ ಸೋಮನಾಥನನ್ನು ಆದಯ್ಯನು ಪುಲಿಗೆರೆಗೆ ತಂದ ವೃತ್ತಾಂತವನ್ನು ಹರಿಹರ ರಾಘವಾಂಕರಲ್ಲಿ ಓದಿದ ನಮಗೆ ಆ ದಾರಿ ಅಪರಿಚಿತವಲ್ಲ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಸೋಮೇಶ್ವರನ ಸನ್ನಿಧಿಯಲ್ಲಿ ತುಲಾಪುರುಷಾದಿ ಮಹಾದಾನಗಳನ್ನು ಮಾಡಿದ ರಾಣಿಗೆ, ತನ್ನಂತೆ ಕೊಟ್ಟವರಿಲ್ಲವೆಂಬ ಹಮ್ಮು ಮೂಡಿತಂತೆ. ಆ ರಾತ್ರಿ ಕನಸಿನಲ್ಲಿ ದೇವರು, ಯಾತ್ರೆಗೆ ಬಂದಿರುವ ಒಬ್ಬ ಭಿಕ್ಷುಕಿಯ ಪುಣ್ಯವನ್ನು ಬೇಡಿಕೋ ಎಂದನು. ರಾಜಭಟರು ಆಕೆಯನ್ನು ಹುಡುಕಿ ತಂದರು. ಎಷ್ಟು ಧನ ಕೊಡುತ್ತೇನೆಂದರೂ ಅವಳು ಕೊಡಲಿಲ್ಲ. ಅಂಥದೇನು ಮಾಡಿದೆಯೆಂದು ಕೇಳಿದಾಗ ಹೇಳಿದಳು: ತಿರಿಯುತ್ತ ನಡೆದು ಬಂದೆ, ನಿನ್ನೆ ಉಪವಾಸವಿದ್ದೆ, ಪಾರಣೆಗೆ ಯಾರೋ ಒಂದಿಷ್ಟು ಹಿಂಡಿ ಕೊಟ್ಟರು, ಅದರಲ್ಲೊಂದು ಚೂರನ್ನು ಸೋಮೇಶ್ವರನಿಗೆ ಅರ್ಪಿಸಿ, ಒಂದು ಪಾಲನ್ನು ಅತಿಥಿಗೆ ಕೊಟ್ಟು, ಉಳಿದುದನ್ನು ತಿಂದೆ.